ಮನೆಯಂಗಳದ ಬೈಕಿಗೆ ಕಾನೂನಿನಲ್ಲಿ ಜಾಗವೆಲ್ಲಿ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿರುವ ಊರುಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನೊಡನೆ ಈ ಭಾಗಕ್ಕೆ ಭತ್ತ ಬಂದಿತು. ಭತ್ತದ ಹಿಂದೆ ಟ್ರ್ಯಾಕ್ಟರು, ಟ್ರೇಲರು, ಅಕ್ಕಿ ಗಿರಣಿಗಳು ಬಂದವು. ಅವುಗಳ ದುರಸ್ತಿಗೆಂದು ಲೇತ್ ಮತ್ತು ವೆಲ್ಡಿಂಗ್ ಅಂಗಡಿಗಳು ತಲೆಯೆತ್ತಿದವು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯೂ ಇದೆ. ಮುರಿದ ಭಾಗವನ್ನು ಕಣ್ಣಳತೆಯಲ್ಲೇ ನೋಡಿ ಅಂಥದ್ದೇ ಇನ್ನೊಂದನ್ನು ಮಾಡಿಕೊಡುವ ಕುಶಲಕರ್ಮಿಗಳು ಇಂಥ ಕಡೆ ಇರುವುದು ಸಹಜ.

ಇಂಥ ಅಂಗಡಿಯೊಂದರ ನೆರವಿನಿಂದ ಯುವಕನೊಬ್ಬ ತನ್ನ ಹಳೆಯ ಬೈಕನ್ನು ಮನೆಯಂಗಳದಲ್ಲೇ 'ಸ್ಟೀಮ್‌ಪಂಕ್' ಶೈಲಿಗೆ ತಿರುಗಿಸಲು ಹೊರಟನೆನ್ನಿ. ಹಿತ್ತಾಳೆಯ ಕೊಳವೆ, ತಾಮ್ರದ ಹೊದಿಕೆ, ಎದ್ದು ಕಾಣುವ ರಿವೆಟ್ಟು, ಗಡಿಯಾರದಂಥ ಮೀಟರು: ಉಗಿಯಂತ್ರದ ಕಾಲ ಮುಗಿಯದೇ ಮುಂದುವರಿದಿದ್ದರೆ ವಾಹನಗಳು ಹೇಗಿರುತ್ತಿದ್ದವು ಎಂಬ ಕಲ್ಪನೆಯೇ ಈ ಶೈಲಿಯ ತಿರುಳು. ಅದು ಪೂರ್ಣ ಕಲ್ಪನೆಯೂ ಅಲ್ಲ. ಅಮೆರಿಕದ ಸಿಲ್ವೆಸ್ಟರ್ ರೋಪರ್ ಎಂಬಾತ ತಾನೇ ಕಟ್ಟಿದ ಉಗಿಚಾಲಿತ ದ್ವಿಚಕ್ರ ವಾಹನವನ್ನು ಓಡಿಸುತ್ತಿದ್ದಾಗಲೇ 1896ರಲ್ಲಿ ಕುಸಿದು ಸತ್ತ. (ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ. ಉಗಿಬಂಡಿಯ ಕಾಲ ಈ ಊರನ್ನು ಮುಟ್ಟದೆಯೇ ಮುಗಿದುಹೋಗಿತ್ತು.)

ಹುಡುಗನ ಈ ಆಸೆಗೆ ಕಾನೂನು ಏನೆನ್ನುತ್ತದೆ? ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸಿ ಅದನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬಹುದು. ಚಾಸಿ ಕತ್ತರಿಸುವಂತಿಲ್ಲ.

ಶಿಕ್ಷೆಯ ವಿಷಯಕ್ಕೆ ಬಂದರೆ ಚಿತ್ರ ಇನ್ನೂ ವಿಚಿತ್ರವಾಗಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ ಅನಧಿಕೃತ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ತಯಾರಕ, ಆಮದುದಾರ ಅಥವಾ 'ಡೀಲರ್' ಮಾರ್ಪಡಿಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಪ್ರತಿ ವಾಹನಕ್ಕೆ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಡೀಲರ್ ಎಂದರೆ ಷೋರೂಮಿನ ಮಾಲೀಕ ಮಾತ್ರ ಎಂದುಕೊಳ್ಳಬೇಡಿ. ಕಾಯ್ದೆಯ ವ್ಯಾಖ್ಯೆಯಲ್ಲಿ ವಾಹನ ದುರಸ್ತಿಯಲ್ಲಿ ತೊಡಗಿರುವವನೂ ಡೀಲರನೇ. ಅಂದರೆ ಬೈಕಿನ ಕನಸು ಕಂಡವನಿಗಿಂತ, ಅವನು ಹೇಳಿದಂತೆ ಬೆಸುಗೆ ಹಾಕಿಕೊಟ್ಟ ರಸ್ತೆ ಬದಿಯ ಮೆಕ್ಯಾನಿಕ್ ಹೆಚ್ಚಿನ ಅಪಾಯದಲ್ಲಿದ್ದಾನೆ. ದಿನಗೂಲಿಯ ಲೆಕ್ಕದಲ್ಲಿ ಬದುಕುವವನಿಗೆ ಒಂದು ಲಕ್ಷವೆಂದರೆ ಅಂಗಡಿಯ ಬಾಗಿಲು ಮುಚ್ಚಿದಂತೆಯೇ.

ಹಾಗೆಂದು ಮಾರ್ಪಾಡುಗಳೆಲ್ಲ ನಿರಪಾಯಕಾರಿ ಎಂದು ಯಾರೂ ವಾದಿಸಲಾರರು. ಸೈಲೆನ್ಸರಿನ ಒಳಭಾಗ ಕಿತ್ತು ನಡುರಾತ್ರಿ ಬಡಾವಣೆಯನ್ನೇ ಎಬ್ಬಿಸುವವರ ಬಗ್ಗೆ ಕರುಣೆ ಬೇಕಿಲ್ಲ. 175 ಸಿಸಿ ಮೀರಿದ ಬೈಕಿಗೆ ತಯಾರಿಕೆಯ ಹಂತದಲ್ಲಿ ಕಾನೂನು ವಿಧಿಸಿರುವ ಶಬ್ದದ ಮಿತಿ 80 ಡೆಸಿಬೆಲ್. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿದ್ದು ಸರಿಯೇ. ಕೆಟ್ಟ ಬೆಸುಗೆಯ ಚೌಕಟ್ಟು ಹೆದ್ದಾರಿಯಲ್ಲಿ ಬಿರುಕು ಬಿಟ್ಟರೆ ಸಾಯುವವನು ಸವಾರನೊಬ್ಬನೇ ಅಲ್ಲ. ಮಾರ್ಪಡಿಸಿದ ವಾಹನಕ್ಕೆ ಅಪಘಾತವಾದಾಗ ವಿಮಾ ಕಂಪೆನಿ ತಕರಾರು ತೆಗೆಯಲು ಕಾರಣ ಹುಡುಕಬೇಕಾಗಿಯೂ ಇಲ್ಲ.

ಆಕ್ಷೇಪವಿರುವುದು ಬೇರೆಡೆ. ಹಿತ್ತಾಳೆಯ ಅಲಂಕಾರ, ಕಿತ್ತ ಸೈಲೆನ್ಸರ್, ಕತ್ತರಿಸಿದ ಚಾಸಿ ಇವುಗಳಲ್ಲಿ ಯಾವುದು ಅಪಾಯ, ಯಾವುದು ಬರಿಯ ಬೆಡಗು ಎಂದು ಪರೀಕ್ಷಿಸಿ ಹೇಳುವ ವ್ಯವಸ್ಥೆ ಜಿಲ್ಲಾ ಮಟ್ಟದಲ್ಲಿಲ್ಲ. ಹೊಸ ವಾಹನದ ಮಾದರಿಗೆ ಒಪ್ಪಿಗೆ ಬೇಕೆಂದರೆ ಪುಣೆಯ ಎಆರ್‌ಎಐಯಂಥ ಸಂಸ್ಥೆಗಳ ಪರೀಕ್ಷೆ ದಾಟಬೇಕು. ಅದು ಸಾವಿರಾರು ವಾಹನ ತಯಾರಿಸುವ ಕಂಪೆನಿಗೆಂದು ರೂಪಿಸಿದ ದಾರಿ. ಒಂದೇ ಒಂದು ಬೈಕು ಕಟ್ಟುವ ಮಸ್ಕಿಯ ಹುಡುಗನಿಗಲ್ಲ. ಬ್ರಿಟನ್ನಿನಲ್ಲಿ ಹವ್ಯಾಸಿ ಕಟ್ಟಿದ ಒಂಟಿ ಬೈಕನ್ನೂ ತಪಾಸಣೆಗೆ ಒಡ್ಡಿ, ತೇರ್ಗಡೆಯಾದರೆ ನೋಂದಾಯಿಸಿಕೊಳ್ಳುವ ಪದ್ಧತಿ ಉಂಟು.

ನಮ್ಮ ಕಾನೂನಿಗೂ ಇಂಥ ಯೋಚನೆ ಹೊಸದೇನಲ್ಲ. ಅಂಗವಿಕಲರಿಗಾಗಿ ಸ್ಕೂಟರಿಗೆ ಎರಡು ಹೆಚ್ಚುವರಿ ಚಕ್ರ ಜೋಡಿಸಿ, ನೋಂದಣಾಧಿಕಾರಿಯ ಅನುಮತಿಯೊಡನೆ ಓಡಿಸಲು ಅವಕಾಶ ಇದೆ. ಅಲ್ಲಿ ಒಂದೊಂದು ವಾಹನವನ್ನೂ ಬಿಡಿಯಾಗಿ ನೋಡಲು ಸಾಧ್ಯವೆಂದಾದರೆ ಇಲ್ಲೇಕೆ ಸಾಧ್ಯವಿಲ್ಲ? ಇತ್ತ ಕೆಸರುಗದ್ದೆಗೆಂದು ತೊಡಿಸಿದ ಕಬ್ಬಿಣದ ಚಕ್ರಗಳಲ್ಲೇ ಡಾಂಬರು ರಸ್ತೆಗಿಳಿದು ಅದನ್ನು ಕಿತ್ತುಹಾಕುವ ಟ್ರ್ಯಾಕ್ಟರುಗಳ ಬಗ್ಗೆ ಭತ್ತದ ನಾಡಿನಲ್ಲಿ ಇಷ್ಟು ನಿಷ್ಠುರತೆ ಕಾಣದಿರುವುದೂ ಗಮನಾರ್ಹ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅದರ ಯೆಜ್ಡಿಗಳು ಇಂದಿಗೂ ರಾಜ್ಯದ ರಸ್ತೆಗಳಲ್ಲಿ ಓಡುತ್ತಿದ್ದರೆ ಅದರಲ್ಲಿ ಸಣ್ಣ ಊರುಗಳ ಮೆಕ್ಯಾನಿಕ್ಕುಗಳ ಪಾಲು ದೊಡ್ಡದು. ಕಂಪೆನಿಯೇ ಇಲ್ಲದಾದಾಗ ಬಿಡಿಭಾಗ ಎಲ್ಲಿಂದ ಬರಬೇಕು? ಗುಜರಿಯಿಂದ ಆರಿಸಿದ್ದೂ ಉಂಟು, ಲೇತಿನಲ್ಲಿ ಕಡೆದದ್ದೂ ಉಂಟು.

ಇಂಥ ಹಳೆಯ ಬೈಕುಗಳು 15 ವರ್ಷ ತುಂಬಿದ ಮೇಲೆ ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕಾಗಿ ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಲೇಬೇಕು. 20 ವರ್ಷ ಮೀರಿದ ಬೈಕಿಗೆ ನವೀಕರಣ ಶುಲ್ಕವನ್ನು 2025ರಲ್ಲಿ 2,000 ರೂಪಾಯಿಗೆ ಏರಿಸಲಾಗಿದೆ. ಶುಲ್ಕ ಏರಿಸಿದ ಸರ್ಕಾರ ಅದೇ ತಪಾಸಣೆಯಲ್ಲಿ ಬ್ರೇಕು, ದೀಪ, ಶಬ್ದ ಮತ್ತು ಬೆಸುಗೆಯನ್ನು ಪರೀಕ್ಷಿಸಿ, ಹಾನಿಯಿಲ್ಲದ ಮಾರ್ಪಾಡನ್ನು ಆರ್‌ಸಿಯಲ್ಲಿ ಬರೆದುಕೊಳ್ಳಲು ನಿಯಮ ಮಾಡಬಹುದು. ಅಲ್ಲಿಯವರೆಗೆ ನಮ್ಮ ಹುಡುಗ ತಪಾಸಣೆಯ ಹಿಂದಿನ ದಿನ ಹಿತ್ತಾಳೆಯನ್ನೆಲ್ಲ ಬಿಚ್ಚಿಟ್ಟು, ಮುಗಿದ ಮೇಲೆ ಮತ್ತೆ ಜೋಡಿಸಿಕೊಳ್ಳುತ್ತಾನೆ.