ಐದು ಸಾವಿರ ಕೋಟಿ ಬರುತ್ತೆ, ಎಲ್ಲಿ ನಿಲ್ಲುತ್ತೆ?

"371(ಜೆ) ಸೀಟಾ?" ಅನ್ನೋ ಪ್ರಶ್ನೆ ನಮ್ಮ ಕ್ಯಾಂಪಸ್ಸಿಗೆ ಹೊಸದಲ್ಲ. ಸಿಇಟಿ ರ‍್ಯಾಂಕ್ ಹೋಲಿಸುವಾಗ, ಹಾಸ್ಟೆಲ್ ಹರಟೆಯಲ್ಲಿ, ಯಾವಾಗಲಾದರೂ ಒಮ್ಮೆ ಬಂದೇ ಬರುತ್ತೆ. ಅದರ ಹಿಂದೆಯೇ ಇನ್ನೊಂದು: "ವರ್ಷಕ್ಕೆ ಸಾವಿರಾರು ಕೋಟಿ ಕೊಡ್ತಾರಂತೆ, ಆದ್ರೂ ನಿಮ್ ಕಡೆ ಯಾಕ್ ಹಂಗೇ ಇದೆ?" ಮೊದಲನೆಯದು ಕುಟುಕು, ಬಿಟ್ಟುಬಿಡೋಣ. ಎರಡನೆಯದು ಮಾತ್ರ ನಿಜವಾದ ಪ್ರಶ್ನೆ. ಅದಕ್ಕೆ ಸಿಟ್ಟಾಗದೆ ಉತ್ತರ ಹುಡುಕಬೇಕು.

ಮೊದಲು ಸ್ವಲ್ಪ ಹಿನ್ನೆಲೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದಲ್ಲಿ 175 ತಾಲ್ಲೂಕುಗಳಿದ್ದವು. ಅವುಗಳಲ್ಲಿ 114 ಹಿಂದುಳಿದಿವೆ, 39 ಅತ್ಯಂತ ಹಿಂದುಳಿದಿವೆ ಅಂತ ಸಮಿತಿ ಹೇಳಿತು. ಆ 39ರಲ್ಲಿ 21 ಇದ್ದದ್ದು ಗುಲ್ಬರ್ಗ ವಿಭಾಗವೊಂದರಲ್ಲೇ. ದಶಕಗಳ ಹೋರಾಟದ ನಂತರ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನಕ್ಕೆ 371(ಜೆ) ವಿಧಿ ಸೇರಿಸಲು ಒಪ್ಪಿತು. 2013ರಲ್ಲಿ ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬದಲಾಯಿತು. ಬಜೆಟ್‌ನಲ್ಲಿ ಘೋಷಿಸುವ ಅನುದಾನ 1,500 ಕೋಟಿಯಿಂದ 3,000 ಕೋಟಿಗೆ, ಅಲ್ಲಿಂದ 5,000 ಕೋಟಿಗೆ ಏರಿತು.

ಇದರಿಂದ ಏನೂ ಆಗಿಲ್ಲ ಅನ್ನೋದು ಸುಳ್ಳು. ಆ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲಾದದ್ದರಿಂದ ಎಷ್ಟೋ ಮನೆಗಳಲ್ಲಿ ಮೊದಲ ಡಾಕ್ಟರ್, ಮೊದಲ ಇಂಜಿನಿಯರ್ ಹುಟ್ಟಿದ್ದಾರೆ. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಕಟ್ಟಡ ಬಂದಿವೆ. ಆದರೂ ಜಿಲ್ಲಾವಾರು ತಲಾ ಆದಾಯದ ಪಟ್ಟಿಯಲ್ಲಿ ಕಲಬುರಗಿ ತಳದಲ್ಲೇ ಇದೆ, ಬೆಂಗಳೂರು ನಗರದ ತಲಾ ಆದಾಯ ಅದರ ಹಲವು ಪಟ್ಟು. ಯಾದಗಿರಿ, ರಾಯಚೂರಿನ ಹಳ್ಳಿಗಳಿಂದ ಇವತ್ತಿಗೂ ಜನ ಗುಳೆ ಹೋಗ್ತಾರೆ. ಬೆಂಗಳೂರಿನ ಕಟ್ಟಡಗಳ ಕೆಳಗೆ ತಗಡಿನ ಶೆಡ್‌ಗಳಲ್ಲಿ ಅವರ ಸಂಸಾರ ಇರುತ್ತೆ.

ದುಡ್ಡು ಬಂತು, ಬಡತನ ಯಾಕೆ ಹೋಗಲಿಲ್ಲ? ನಮ್ಮ ಭಾಷೆಯಲ್ಲೇ ಲೆಕ್ಕ ಹಾಕೋಣ. ಊರಿನವರ ಕೈಗೆ ಬಂದ ಪ್ರತಿ 100 ರೂಪಾಯಿಯಲ್ಲಿ 60 ಮತ್ತೆ ಅದೇ ಊರಲ್ಲಿ ಖರ್ಚಾಗುತ್ತೆ ಅಂತಿಟ್ಟುಕೊಳ್ಳಿ. ಕಿರಾಣಿ ಅಂಗಡಿಯವನಿಗೆ, ಅವನಿಂದ ಹಾಲಿನವನಿಗೆ, ಹೀಗೆ ಸುತ್ತುತ್ತೆ. ಪಿಯುಸಿಯಲ್ಲಿ ಕಲಿತ ಗುಣೋತ್ತರ ಶ್ರೇಢಿಯೇ ಇದು: ಒಟ್ಟು ಆದಾಯ 250 ರೂಪಾಯಿ. 60ರ ಬದಲು 30 ಮಾತ್ರ ಊರಲ್ಲಿ ಉಳಿದರೆ ಒಟ್ಟು ಸುಮಾರು 143. ಇವು ಉದಾಹರಣೆಗೆ ಹಿಡಿದ ಅಂಕಿ ಅಷ್ಟೆ. ಅದೂ ಮೊದಲ 100 ರೂಪಾಯಿ ಊರಿನವರ ಕೈಗೆ ಬಂದರೆ! ರಸ್ತೆ ಕಾಮಗಾರಿಯ ಗುತ್ತಿಗೆದಾರ ಬೇರೆ ಊರಿನವನು, ಡಾಂಬರು ಮತ್ತು ಯಂತ್ರ ಹೊರಗಿನವು ಆದರೆ ಊರಿಗೆ ಸಿಗೋದು ಕೆಲವು ದಿನದ ಕೂಲಿ. ಅನುದಾನ ಎಷ್ಟು ಅನ್ನೋದರಷ್ಟೇ ಮುಖ್ಯ, ಅದು ಎಷ್ಟು ಸೋರುತ್ತೆ ಅನ್ನೋದು.

ಈ ಸೋರಿಕೆ ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಇಟಲಿಯಲ್ಲೂ ಉತ್ತರ ಶ್ರೀಮಂತ, ದಕ್ಷಿಣ ಬಡವ. ದಕ್ಷಿಣವನ್ನು ಮೇಲೆತ್ತಲು ಅಲ್ಲಿನ ಸರ್ಕಾರ 1950ರಲ್ಲಿ ಒಂದು ವಿಶೇಷ ನಿಧಿ ಸ್ಥಾಪಿಸಿತು, 1984ರವರೆಗೆ ನಡೆಸಿತು. ಮೊದಲ ಎರಡು ದಶಕ ನೀರಾವರಿ, ರಸ್ತೆ, ಕುಡಿಯುವ ನೀರಿನ ಕೆಲಸ ಚೆನ್ನಾಗೇ ಆಯಿತು, ಅಂತರವೂ ಕಡಿಮೆಯಾಯಿತು. ಆಮೇಲೆ ಅದು ನಿಂತುಹೋಯಿತು. ತಾರಾಂತೊದ ಉಕ್ಕಿನ ಕಾರ್ಖಾನೆಯಂಥ ದೈತ್ಯ ಘಟಕಗಳು ಎದ್ದವು, ಆದರೆ ಅವುಗಳ ಸುತ್ತ ನಿರೀಕ್ಷಿಸಿದಷ್ಟು ಸಣ್ಣ ಕೈಗಾರಿಕೆ ಬೆಳೆಯಲಿಲ್ಲ. ಜನ ಅವುಗಳನ್ನು 'ಮರುಭೂಮಿಯ ಕೆಥೆಡ್ರಲ್‌ಗಳು' ಅಂತ ಕರೆದರು. ಜೊತೆಗೆ ನಿಧಿಯ ಹಣ ರಾಜಕಾರಣಿಗಳು ತಮ್ಮವರಿಗೆ ಹಂಚುವ ಪ್ರಸಾದವಾಯಿತು.

ನಮ್ಮ ಶಕ್ತಿನಗರ ನೋಡಿ. 1985ರಿಂದ ರಾಯಚೂರಿನ ಶಾಖೋತ್ಪನ್ನ ಸ್ಥಾವರ ರಾಜ್ಯಕ್ಕೆ ಬೆಳಕು ಕೊಡ್ತಿದೆ, ಈಗ ಸಾಮರ್ಥ್ಯ 1,720 ಮೆಗಾವ್ಯಾಟ್. ಕಲ್ಲಿದ್ದಲು ಹೊರಗಿಂದ ಬರುತ್ತೆ, ಕರೆಂಟು ಗ್ರಿಡ್ ಸೇರಿ ಹೊರಗೆ ಹೋಗುತ್ತೆ, ಬೂದಿ ಮಾತ್ರ ಇಲ್ಲೇ ಉಳಿಯುತ್ತೆ. ವಾಡಿ, ಸೇಡಂ ಕಡೆಯ ಸುಣ್ಣದಕಲ್ಲು ದೇಶಕ್ಕೆ ಸಿಮೆಂಟಾಗುತ್ತೆ. ಕಲಬುರಗಿ ತೊಗರಿಗೆ ಜಿಐ ಮಾನ್ಯತೆ ಇದೆ, ಆದರೂ ಹೆಚ್ಚಿನ ರೈತರು ಮಾರೋದು ಕಾಳನ್ನೇ. ಅದನ್ನು ಬೇಳೆ ಮಾಡಿ, ಪ್ಯಾಕ್ ಮಾಡಿ, ಹೆಸರು ಅಂಟಿಸಿ ಮಾರೋ ಲಾಭ ಬೇರೆಯವರದು. ಅಂದರೆ ಆ ನೆಲದಲ್ಲಿ ಸಂಪತ್ತು ಇಲ್ಲ ಅಂತಲ್ಲ. ಸಂಪತ್ತಿನ ಎರಡನೇ ಸುತ್ತು ಅಲ್ಲಿ ನಡೀತಿಲ್ಲ.

ಇನ್ನೊಂದು ತೊಡಕು ಕಡಿಮೆ ಚರ್ಚೆಯಾಗುತ್ತೆ. ಮಂಡಳಿ ಹಣ ಬಹುಪಾಲು ಕಟ್ಟೋದಕ್ಕೆ ಹೋಗುತ್ತೆ. ಕಟ್ಟಡಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಸಾಕು, ಉದ್ಘಾಟನೆಯ ಫೋಟೋನೂ ಬರುತ್ತೆ. ಆದರೆ ಅದರೊಳಗಿನ ಮೇಷ್ಟ್ರಿಗೆ, ನರ್ಸಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕಾದ್ದು ಇಲಾಖೆ. 371(ಜೆ) ಪ್ರಕಾರ ಹುದ್ದೆಗಳಲ್ಲಿ ಸ್ಥಳೀಯರಿಗೆ ಶೇ. 75ರಿಂದ 85ರವರೆಗೆ ಮೀಸಲಾತಿ ಇದೆ, ಸರಿ. ನೇಮಕಾತಿಯೇ ಆಗದಿದ್ದರೆ ಖಾಲಿ ಕುರ್ಚಿಯಲ್ಲಿ ಶೇ. 75 ಅಂದರೆ ಎಷ್ಟು? 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 91, ಕಲಬುರಗಿ ಶೇ. 42. ಹಿಂದಿನ ವರ್ಷ ಕೊನೆಯ ಸ್ಥಾನ ಯಾದಗಿರಿಯದು. ಇದನ್ನು ಹೊಸ ಕೊಠಡಿ ಕಟ್ಟಿ ಮಾತ್ರ ಸರಿಮಾಡಲಾಗದು.

"ನಿಮಗೆ ಮಂಡಳಿ ಇದೆಯಲ್ಲ" ಅಂತ ಇಲಾಖೆಗಳು ತಮ್ಮ ಮಾಮೂಲಿ ಪಾಲಿಗೆ ಕತ್ತರಿ ಹಾಕುವ ಅಪಾಯವೂ ಉಂಟು. ಇದನ್ನು ಎರಡು ದಶಕದ ಹಿಂದೆಯೇ ನಂಜುಂಡಪ್ಪ ಅವರ ಲೆಕ್ಕ ಗಮನಿಸಿತ್ತು. ಎಂಟು ವರ್ಷಕ್ಕೆ ಅವರು ಹೇಳಿದ 31,000 ಕೋಟಿಯಲ್ಲಿ 15,000 ಕೋಟಿ ಮಾಮೂಲಿ ಬಜೆಟ್‌ನಿಂದ, 16,000 ಕೋಟಿ ಅದರ ಮೇಲೆ ಹೆಚ್ಚುವರಿಯಾಗಿ ಬರಬೇಕಿತ್ತು. ವಿಶೇಷ ಅನುದಾನ ಅಂದರೆ ಊಟದ ಜೊತೆಗಿನ ಹೋಳಿಗೆ. ಹೋಳಿಗೆ ಹಾಕಿದೆವಲ್ಲ ಅಂತ ಅನ್ನ ಕಿತ್ತುಕೊಂಡರೆ ಹೊಟ್ಟೆ ತುಂಬೀತೇ?

ಹಾಗಾಗಿ 5,000 ಕೋಟಿಯನ್ನು ಹತ್ತು ಸಾವಿರ ಮಾಡಿ ಅನ್ನೋ ಬೇಡಿಕೆಗಿಂತ ಮೊದಲು ಮೂರು ಲೆಕ್ಕ ಕೇಳಬೇಕು ಅಂತ ನನಗನಿಸುತ್ತೆ. ಒಂದು, ಈ ವರ್ಷ ಖರ್ಚಾದ ಹಣದಲ್ಲಿ ಸ್ಥಳೀಯ ಕೂಲಿಗೆ, ಸ್ಥಳೀಯ ಉದ್ಯಮಕ್ಕೆ ಹೋದದ್ದೆಷ್ಟು? ಎರಡು, ಕಟ್ಟಿದ ಕಟ್ಟಡಗಳಲ್ಲಿ ಮಂಜೂರಾದ ಸಿಬ್ಬಂದಿ ಪೂರ್ತಿ ಇರೋವು ಎಷ್ಟು? ಮೂರು, ಮಂಡಳಿ ಹಣ ಬಿಟ್ಟು ಪ್ರತಿ ಇಲಾಖೆ ಆ ಏಳು ಜಿಲ್ಲೆಗಳಿಗೆ ಕೊಟ್ಟದ್ದೆಷ್ಟು? ಎಷ್ಟು ಕಿಲೋಮೀಟರ್ ರಸ್ತೆ, ಎಷ್ಟು ಕೋಟಿ ಬಿಡುಗಡೆ ಅನ್ನೋ ಅಂಕಿ ಜಾಹೀರಾತಿನಲ್ಲೇ ಸಿಗುತ್ತೆ. ಈ ಮೂರೂ ತಾಲ್ಲೂಕುವಾರು, ಯಾರು ಬೇಕಾದರೂ ನೋಡುವಂತೆ ಜಾಲತಾಣದಲ್ಲಿರಬೇಕು. ಅಂಥ ಡ್ಯಾಶ್‌ಬೋರ್ಡ್ ಕಟ್ಟೋದು ನಮ್ಮಲ್ಲಿ ಎಷ್ಟೋ ಜನರಿಗೆ ಒಂದು ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್. ಕೊರತೆ ಇರೋದು ತಂತ್ರಜ್ಞಾನದ್ದಲ್ಲ, ಮಾಹಿತಿಯದ್ದು. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಇದೆ, ಹತ್ತು ರೂಪಾಯಿ ಸಾಕು.

ಕೊನೆಗೆ ನಮ್ಮದೇ ವಿಷಯ. ಆ ಭಾಗದಿಂದ ಸೀಟು ಪಡೆದು ಬಂದವರು ಓದು ಮುಗಿಸಿ ವಾಪಸ್ ಹೋಗಲ್ಲ ಅನ್ನೋ ಆರೋಪ ಇದೆ. ಹೋಗಿ ಮಾಡೋಕೆ ಕೆಲಸ ಎಲ್ಲಿದೆ ಅಂತ ಯಾರೂ ಕೇಳಲ್ಲ. ನಂಜುಂಡಪ್ಪ ವರದಿ ರಾಯಚೂರಿಗೆ ಅಂದಿದ್ದ ಐಐಟಿ ಧಾರವಾಡಕ್ಕೆ ಹೋಯಿತು, ರಾಯಚೂರಿಗೆ ಐಐಐಟಿ ಬಂತು. ಒಳ್ಳೇದೇ. ಆದರೆ ಅಲ್ಲಿ ಕಲಿತವರೂ ಬೆಂಗಳೂರಿನ ಬಸ್ಸನ್ನೇ ಹತ್ತಬೇಕಾದರೆ, ನಾವು ದುಡ್ಡಿನ ಜೊತೆ ಮನುಷ್ಯರನ್ನೂ ಸೋರಲು ಬಿಟ್ಟಂತೆ. ಓದಿದ ಹುಡುಗಿಯೊಬ್ಬಳು ಸೇಡಂನಲ್ಲೋ ಸುರಪುರದಲ್ಲೋ ಒಳ್ಳೇ ಸಂಬಳದ ಕೆಲಸಕ್ಕೆ ಸೇರಿ, ಅಲ್ಲೇ ಮನೆ ಮಾಡಿ, ಅಲ್ಲೇ ಸಂತೆ ಮಾಡುವ ದಿನ ಬಂದರೆ ಅನುದಾನ ಕೆಲಸ ಮಾಡಿದೆ ಅಂತ ಲೆಕ್ಕ.