ಚಳಿಗಾಲದ ಓಟ: ಹೊತ್ತು ಬದಲಾಗಲಿ, ಅಭ್ಯಾಸ ನಿಲ್ಲದಿರಲಿ

ಕಳೆದ ವರ್ಷ ಮಹಾನವಮಿ ಮುಗಿದ ಬಳಿಕ 52 ವರ್ಷದ ಶಿಕ್ಷಕರೊಬ್ಬರು ನನ್ನ ಸಲಹೆಯಂತೆ ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಓಡಲು ತೊಡಗಿದರು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಅರ್ಧ ಗಂಟೆ. ಎರಡು ತಿಂಗಳಲ್ಲಿ ಅವರ ರಕ್ತದ ಸಕ್ಕರೆ ಇಳಿಮುಖವಾಗಿತ್ತು, ಮುಖದಲ್ಲಿ ಕಳೆ ಬಂದಿತ್ತು. ಬೆಳಗಿನ 5 ಗಂಟೆಗೇ ಹೋಗಿರಿ, ವ್ರತದಂತೆ ಪಾಲಿಸಿರಿ ಎಂದು ನಾನೇ ಹೇಳಿದ್ದೆ. ಮಾರ್ಗಶಿರದ ಚಳಿ ಬಿದ್ದಿತು. ಮೊದಲು ಒಂದು ದಿನ ತಪ್ಪಿತು, ಆಮೇಲೆ ಮೂರು ದಿನ. ವ್ರತಭಂಗವಾಯಿತೆಂದು ಅವರು ಓಟವನ್ನೇ ಕೈಬಿಟ್ಟರು. ಸಂಕೋಚದಿಂದ ನನ್ನ ಬಳಿಗೂ ಬರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಬಂದಾಗ ಸಕ್ಕರೆ ಮೊದಲಿಗಿಂತಲೂ ಹೆಚ್ಚಿತ್ತು, ಅಂಗಾಲುಗಳಲ್ಲಿ ಜೋಮು ಆರಂಭವಾಗಿತ್ತು. ತಪ್ಪು ಅವರದಲ್ಲ. ಓಟಕ್ಕೂ 5 ಗಂಟೆಗೂ ಗಂಟು ಹಾಕಿದವನು ನಾನು.

ಚಳಿಯಲ್ಲಿ ದೇಹ ದಣಿಸಬಾರದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆಯುರ್ವೇದ ಹೇಳುವುದು ಇದಕ್ಕೆ ವಿರುದ್ಧ. ಹೇಮಂತದಲ್ಲಿ ಹೊರಗಿನ ಶೀತವು ದೇಹದ ಉಷ್ಣವನ್ನು ಒಳಗೇ ತಡೆದು ನಿಲ್ಲಿಸುವುದರಿಂದ ಜಠರಾಗ್ನಿ ಪ್ರಬಲವಾಗುತ್ತದೆ, ಬಲವೂ ಅಧಿಕವಾಗಿರುತ್ತದೆ. ಬಲವಂತರು ಶೀತಕಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆ ಎಂಬುದು ವಾಗ್ಭಟನ ಅಭಿಪ್ರಾಯ. ಅಂದರೆ ವ್ಯಾಯಾಮಕ್ಕೆ ಮೀಸಲಾದ ಕಾಲದಲ್ಲಿಯೇ ನಾವು ಕೌದಿ ಹೊದ್ದು ಮಲಗುತ್ತೇವೆ! ಅಜೀರ್ಣವುಳ್ಳವರು, ಬಾಲರು, ವೃದ್ಧರು ವ್ಯಾಯಾಮವನ್ನು ಬಿಡಬೇಕೆಂದೂ ಅವನು ಹೇಳಿದ್ದಾನೆ. ಆ ಪಟ್ಟಿಯ ಹತ್ತಿರಕ್ಕೆ ನಾನೂ ಬಂದಿರುವುದರಿಂದ ಓಡುವುದಿಲ್ಲ, ನಡೆಯುತ್ತೇನೆ.

ಅರ್ಧಶಕ್ತಿಯನ್ನು ಅಳೆಯುವುದು ಹೇಗೆ? ಹಣೆಯಲ್ಲಿ, ಕಂಕುಳಲ್ಲಿ ಬೆವರು ಮೂಡುವುದು ಒಂದು ಲಕ್ಷಣ. ಮೂಗಿನಿಂದ ಸಾಗುತ್ತಿದ್ದ ಉಸಿರು ಬಾಯಿಗೆ ಬರುವುದು ಇನ್ನೊಂದು. ಚಳಿಗಾಲದಲ್ಲಿ ಮೊದಲನೆಯದನ್ನು ನಂಬಬೇಡಿರಿ. ಒಣಗಾಳಿಗೆ ಬೆವರು ಕೂಡಲೇ ಆರಿಹೋಗುವುದರಿಂದ ಹೊಸಬರು ತಾವು ದಣಿದಿಲ್ಲವೆಂದೇ ಭಾವಿಸುತ್ತಾರೆ. ಬಾಯಿ ತೆರೆದು ಉಸಿರಾಡುವ ಸ್ಥಿತಿ ಬಂದೊಡನೆ ಓಟ ನಿಲ್ಲಿಸಿ ನಡೆಯಬೇಕು. ಮೂಗಿನ ಮೂಲಕ ಹೋಗುವ ಗಾಳಿ ಬೆಚ್ಚಗಾಗಿ ತೇವಗೊಂಡು ಒಳಸೇರುತ್ತದೆ. ಬಾಯಿಂದ ಎಳೆದ ತಣ್ಣನೆಯ ಗಾಳಿ ಅಸ್ತಮಾ ಉಳ್ಳವರಿಗೆ ಉಬ್ಬಸ ತರಿಸಬಲ್ಲದು.

ಇನ್ನು ಹೊತ್ತಿನ ವಿಚಾರ. ಡಿಸೆಂಬರ್, ಜನವರಿಗಳಲ್ಲಿ ಧಾರವಾಡದಲ್ಲಿ ಸೂರ್ಯ ಮೂಡುವುದು 7 ಗಂಟೆಯ ಸುಮಾರಿಗೆ. ಅತ್ಯಂತ ಕಡಿಮೆ ಉಷ್ಣತೆ ಇರುವುದೂ ಆ ಹೊತ್ತಿನ ಆಸುಪಾಸಿನಲ್ಲಿಯೇ. ರಸ್ತೆಬದಿಯಲ್ಲಿ ಸುಟ್ಟ ಕಸದ ಹೊಗೆ ಮೇಲೇಳದೆ ನೆಲದ ಮಟ್ಟದಲ್ಲಿಯೇ ನಿಂತಿರುತ್ತದೆ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಆದ್ದರಿಂದ ರಕ್ತದೊತ್ತಡವಿರುವವರು, ಸಕ್ಕರೆ ಕಾಯಿಲೆಯವರು, ನಡೆದರೆ ಎದೆ ಹಿಡಿದಂತಾಗುವವರು ಕತ್ತಲಲ್ಲಿ ಓಡುವುದು ಸಾಹಸವಲ್ಲ, ಅಪಾಯ. ಇಂಥವರು ಮೊದಲು ವೈದ್ಯರಲ್ಲಿ ಹೃದಯ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಬಿಸಿಲು ಬಿದ್ದ ಮೇಲೆ ಹೋಗಬಹುದು. ಬೆಳಿಗ್ಗೆ ಬಿಡುವಿಲ್ಲದವರಿಗೆ ಸಂಜೆ ಇದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು ಒಳ್ಳೆಯದೇ, ಆದರೆ ಎದ್ದವರೆಲ್ಲ ಆಗಲೇ ಮೈದಾನಕ್ಕೆ ಓಡಬೇಕೆಂದಿಲ್ಲ.

ಮಂಜು ದಟ್ಟವಾದ ದಿನ, ನೆಗಡಿ ಕಾಡಿದ ದಿನ ಹೊರಗೆ ಹೋಗಲೇಬೇಡಿರಿ. ಆರೋಗ್ಯವಿದ್ದರೆ ಮನೆಯಲ್ಲಿ ನಿಧಾನವಾಗಿ ಸೂರ್ಯನಮಸ್ಕಾರ ಮಾಡಬಹುದು, ಮೆಟ್ಟಿಲು ಹತ್ತಿ ಇಳಿಯಬಹುದು. ಜ್ವರವಿದ್ದರೆ ವಿಶ್ರಾಂತಿಯೇ ಮದ್ದು. ಮೂರು ನಾಲ್ಕು ದಿನ ತಪ್ಪಿದರೆ ಗಳಿಸಿದ್ದೇನೂ ಹೋಗುವುದಿಲ್ಲ. ಎರಡು ವಾರ ದಾಟಿದರೆ ದಮ್ಮು ಕುಗ್ಗತೊಡಗುತ್ತದೆ. ತಿಂಗಳು ಬಿಟ್ಟವರು ಮರಳಿ ಬಂದಾಗ ಹಿಂದಿನ ಅಳತೆಯ ಅರ್ಧದಿಂದ ಆರಂಭಿಸಬೇಕು. ಬಿಟ್ಟ ದಿನಗಳ ಸಾಲವನ್ನು ಒಂದೇ ವಾರದಲ್ಲಿ ತೀರಿಸಹೊರಟು ಮೊಣಕಾಲು, ಹಿಮ್ಮಡಿ ನೋಯಿಸಿಕೊಂಡವರನ್ನು ಪ್ರತಿವರ್ಷ ಸಂಕ್ರಾಂತಿಯ ನಂತರ ನೋಡುತ್ತೇನೆ.

ಪ್ರಬಲವಾದ ಅಗ್ನಿಗೆ ಆಹಾರ ದೊರೆಯದಿದ್ದರೆ ಅದು ದೇಹದ ರಸಧಾತುವನ್ನೇ ಸುಡುತ್ತದೆ ಎನ್ನುತ್ತಾನೆ ಚರಕ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬೆಣ್ಣೆ ಈ ಕಾಲಕ್ಕೆ ನಮ್ಮ ಹಿರಿಯರು ಸುಮ್ಮನೆ ಗೊತ್ತುಮಾಡಿದವಲ್ಲ. ಓಡುವವರಿಗೆ ಅವು ಬೇಕು, ಕುಳಿತಲ್ಲೇ ಇರುವವರಿಗೆ ಮಿತ ಇರಲಿ. ವಾರಕ್ಕೆ ಎರಡು ಬಾರಿಯಾದರೂ ಉಗುರುಬೆಚ್ಚಗಿನ ಎಳ್ಳೆಣ್ಣೆ ಹಚ್ಚಿಕೊಂಡು ಬಿಸಿನೀರಿನ ಸ್ನಾನ ಮಾಡಿದರೆ ಚಳಿಗೆ ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ. ಸಕ್ಕರೆ ಕಾಯಿಲೆಯವರು ಮಾತ್ರ ಪಾದಗಳನ್ನು ಬೆಂಕಿಗೆ ಕಾಯಿಸಿಕೊಳ್ಳಬಾರದು. ಸ್ಪರ್ಶಜ್ಞಾನ ಕುಗ್ಗಿದ ಕಾಲಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಆ ಶಿಕ್ಷಕರು ಈ ವರ್ಷ ಶಾಲೆ ಬಿಟ್ಟ ಮೇಲೆ ಸಂಜೆ 5 ಗಂಟೆಗೆ ಮೈದಾನಕ್ಕೆ ಬರುತ್ತಾರೆ. ಮಾತ್ರೆ ತೆಗೆದುಕೊಳ್ಳುವವರಾದ್ದರಿಂದ ಸಕ್ಕರೆ ಒಮ್ಮೆಲೇ ಇಳಿದರೆ ಬಾಯಿಗೆ ಹಾಕಿಕೊಳ್ಳಲೆಂದು ಕಿಸೆಯಲ್ಲಿ ಬೆಲ್ಲದ ತುಣುಕು ಇಟ್ಟುಕೊಂಡಿರುತ್ತಾರೆ. ಕಳೆದ ವಾರ ಎರಡು ದಿನ ಬರಲಿಲ್ಲ; ಮೂರನೆಯ ದಿನ ಬಂದರು.