ಚೊಂಬನ್ನು ಹಂಡೆಯೆಂದು ಮಾರುವವರು

ನಮ್ಮ ಟೊರಾಂಟೊ ಕನ್ನಡಿಗರ ಸಂಕ್ರಾಂತಿ ಕೂಟದಲ್ಲಿ, ಎಳ್ಳುಬೆಲ್ಲ ಹಂಚಿ ಮುಗಿಯುವ ಮುನ್ನವೇ, ಹಿರಿಯ ಮಿತ್ರರೊಬ್ಬರು ನನ್ನ ಕೈಗೆ ಕರಪತ್ರವೊಂದನ್ನು ಇತ್ತರು. ಐದು ನಿಮಿಷದಲ್ಲಿ ಚಾರ್ಜ್ ಆಗುವ, ಲಕ್ಷಾಂತರ ಬಾರಿ ತುಂಬಿ ಬರಿದು ಮಾಡಿದರೂ ಸವೆಯದ ಅಲ್ಟ್ರಾಕೆಪಾಸಿಟರ್; ಇನ್ನು ಕಾರಿಗೂ ಮನೆಗೂ ಬ್ಯಾಟರಿಯೇ ಬೇಡ. "ನಾಲ್ಕಾರು ಮಂದಿ ಸೇರಿ ಬಂಡವಾಳ ಹೂಡೋಣ, ರಾಯರೇ" ಎಂದರು. ಅವರು ಹೂಡಹೊರಟಿರುವುದು ನಿವೃತ್ತಿಯ ಉಳಿತಾಯ. ಅಂದು ನಾನು ನಕ್ಕು ಸುಮ್ಮನಾದೆ. ಸುಮ್ಮನಾದದ್ದು ತಪ್ಪು.

ಕರಪತ್ರದಲ್ಲಿರುವುದು ಸುಳ್ಳಲ್ಲ ಎಂಬುದೇ ಇಲ್ಲಿನ ತೊಡಕು. ಅಲ್ಟ್ರಾಕೆಪಾಸಿಟರ್ ನಿಜಕ್ಕೂ ಕ್ಷಣಗಳಲ್ಲಿ ತುಂಬುತ್ತದೆ. ಹತ್ತು ಲಕ್ಷ ಆವರ್ತಗಳವರೆಗೂ ಬಾಳಬಲ್ಲದು. ಎಷ್ಟು ಬೇಗ ತುಂಬುತ್ತದೆಂದು ಹೇಳುವವರು ಎಷ್ಟು ತುಂಬುತ್ತದೆಂದು ಮಾತ್ರ ಹೇಳುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ 3,000 ಫ್ಯಾರಡ್, 2.7 ವೋಲ್ಟ್‌ನ ಕೋಶವನ್ನೇ ತೆಗೆದುಕೊಳ್ಳಿ. ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಸುಮಾರು 10,900 ಜೂಲ್, ಎಂದರೆ 3 ವ್ಯಾಟ್-ಗಂಟೆ. ಕೋಶದ ತೂಕ ಹತ್ತಿರ ಹತ್ತಿರ ಅರ್ಧ ಕಿಲೋ. ನಿಮ್ಮ ಜೇಬಿನ ಫೋನಿನ ಬ್ಯಾಟರಿಯಲ್ಲಿ ಸುಮಾರು 15 ವ್ಯಾಟ್-ಗಂಟೆಯಿರುತ್ತದೆ. ಅದಕ್ಕೆ ಸರಿಗಟ್ಟಲು ಇಂಥ ಐದು ಕೋಶ, ಎರಡೂವರೆ ಕಿಲೋ ಭಾರ ಬೇಕು. ಚೊಂಬು ತಟ್ಟನೆ ತುಂಬುತ್ತದೆ, ತಟ್ಟನೆ ಬರಿದಾಗುತ್ತದೆ. ಅದಕ್ಕಾಗಿ ಅದನ್ನು ಹಂಡೆಯೆನ್ನಲಾದೀತೆ?

ಈ ಕಥೆಯನ್ನು ಈ ಊರು ಒಮ್ಮೆ ಕೇಳಿದೆ. ಟೆಕ್ಸಸ್‌ನ ಈಈಸ್ಟೋರ್ ಕಂಪನಿಗೆ 2006ರಲ್ಲಿ ದೊರೆತ ಪೇಟೆಂಟಿನಲ್ಲಿ ವರ್ಣಿಸಿದ್ದು ಇಂಗಾಲದ ಬಗೆಯದಲ್ಲ, ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್ ಬಗೆಯದು: 3,500 ವೋಲ್ಟ್, 52 ಕಿಲೋವ್ಯಾಟ್-ಗಂಟೆ, ತೂಕ ಸುಮಾರು 150 ಕಿಲೋ. ಅದನ್ನು ನೆಚ್ಚಿ ನಮ್ಮ ಟೊರಾಂಟೊದ ಜೆನ್ ಮೋಟಾರ್ ಕಂಪನಿ ಅದರಲ್ಲಿ ಹಣ ಹೂಡಿತು. ಐದು ನಿಮಿಷದಲ್ಲಿ ಚಾರ್ಜ್ ಆಗಿ 400 ಕಿಲೋಮೀಟರ್ ಓಡುವ ಕಾರನ್ನು 2008ರಲ್ಲಿ ಘೋಷಿಸಿತು. ಹೆಸರಾಂತ ಹೂಡಿಕೆದಾರರೂ ಇದ್ದರು, ಲಾಕ್‌ಹೀಡ್ ಮಾರ್ಟಿನ್ ಕೂಡ ಒಪ್ಪಂದಕ್ಕೆ ಸಹಿ ಹಾಕಿತ್ತು. ಆ ಕಾರು ರಸ್ತೆಗಿಳಿಯಲೇ ಇಲ್ಲ. ಗಣಿತ ಸರಿಯಾಗಿತ್ತು, ವಸ್ತು ಒಪ್ಪಲಿಲ್ಲ. ವಿದ್ಯುತ್ ಕ್ಷೇತ್ರ ತೀವ್ರವಾದಂತೆ ಬೇರಿಯಂ ಟೈಟನೇಟಿನ ಪರಾವೈದ್ಯುತ ಗುಣ ಕುಗ್ಗುತ್ತ ಹೋಗುತ್ತದೆ ಎಂಬುದು ಅಂದೂ ತಿಳಿದಿದ್ದ ಸಂಗತಿಯೇ. ದೊಡ್ಡ ಹೆಸರುಗಳ ಪಟ್ಟಿ ಅದನ್ನು ಮರೆಸಿತು.

ಇನ್ನು ಆ ಐದು ನಿಮಿಷದ ಮಾತು. 52 ಕಿಲೋವ್ಯಾಟ್-ಗಂಟೆಯನ್ನು ಐದು ನಿಮಿಷದಲ್ಲಿ ತುಂಬಲು 620 ಕಿಲೋವ್ಯಾಟ್‌ಗೂ ಮಿಕ್ಕಿದ ಹರಿವು ಬೇಕು. ಇಲ್ಲಿನ ಮನೆಯೊಂದರ 240 ವೋಲ್ಟ್, 200 ಆಂಪಿಯರ್ ಸಂಪರ್ಕವನ್ನು ಪೂರ್ತಿ ಹೀರಿದರೂ ದೊರೆಯುವುದು 48. ಹದಿಮೂರು ಮನೆಗಳ ದೀಪ ಆರಿಸಿ ಒಂದು ಕಾರಿಗೆ ಉಣಿಸಬೇಕು! ಅಡ್ಡಿಯಿರುವುದು ಸಂಚಯಕದಲ್ಲಿ ಮಾತ್ರವಲ್ಲ, ಗೋಡೆಯ ಪ್ಲಗ್ಗಿನಲ್ಲಿಯೂ.

ನಾನು ಅಲ್ಟ್ರಾಕೆಪಾಸಿಟರಿನ ವೈರಿಯಲ್ಲ. ಅದರ ಮಾನ ಉಳಿಯಲೆಂದೇ ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ. 2006ರಲ್ಲಿ ಶಾಂಘೈ ನಗರ ಅದನ್ನು ಬಸ್ಸಿಗೆ ಅಳವಡಿಸಿದಾಗ ನೂರಾರು ಕಿಲೋಮೀಟರ್ ಓಡೆಂದು ಕೇಳಲಿಲ್ಲ. ಪ್ರಯಾಣಿಕರು ಹತ್ತಿಳಿಯುವಷ್ಟರಲ್ಲಿ ನಿಲ್ದಾಣದಲ್ಲೇ ಚಾರ್ಜ್ ಮಾಡಿ ಮುಂದೆ ಕಳುಹಿಸಿತು. ಗ್ರಿಡ್ ಕೈಕೊಟ್ಟಾಗ ಗಾಳಿಯಂತ್ರದ ಅಲಗುಗಳನ್ನು ಸುರಕ್ಷಿತ ಕೋನಕ್ಕೆ ತಿರುಗಿಸುವುದೂ ಇದೇ. ಮೈನಸ್ ನಲವತ್ತರ ಚಳಿಯಲ್ಲಿ ಬ್ಯಾಟರಿ ಮುದುಡಿ ಕುಳಿತಾಗ ಲಾರಿಯ ಎಂಜಿನ್ನನ್ನು ಎಬ್ಬಿಸಬಲ್ಲದು. ಕೆಲವೇ ಕ್ಷಣಗಳ ಮಹಾಬಲ ಬೇಕಾದಲ್ಲಿ ಅದಕ್ಕೆ ಸಾಟಿಯಿಲ್ಲ. ಇರುಳಿಡೀ ಮನೆ ಬೆಳಗಬೇಕಾದಲ್ಲಿ ಅದಕ್ಕೆ ಸ್ಥಾನವಿಲ್ಲ. ಈ ಭೇದವನ್ನು ಮುಚ್ಚಿಟ್ಟು ಮಾರುವವರು ಹಣವನ್ನಷ್ಟೇ ನುಂಗುವುದಿಲ್ಲ. ನಾಳೆ ಪ್ರಾಮಾಣಿಕ ಸಂಶೋಧಕನೊಬ್ಬ ಬಾಗಿಲು ತಟ್ಟಿದಾಗಲೂ ನಾವು "ಚೊಂಬು" ಎಂದು ನಗುವಂತೆ ಮಾಡುತ್ತಾರೆ.

ಗ್ರ್ಯಾಫೀನ್ ಬಂದಿದೆ, ಎಲ್ಲ ಬದಲಾಗಿದೆ ಎಂದು ಕರಪತ್ರ ಹೇಳುತ್ತದೆ. ಬದಲಾಗಿದ್ದರೆ ಸಂತೋಷ. ಇಡೀ ಪೆಟ್ಟಿಗೆಯನ್ನು ತೂಗಿ, ಕಿಲೋವೊಂದಕ್ಕೆ ಎಷ್ಟು ವ್ಯಾಟ್-ಗಂಟೆ ಎಂದು ಸ್ವತಂತ್ರ ಪ್ರಯೋಗಾಲಯವೊಂದು ಬರೆದುಕೊಟ್ಟ ವರದಿಯನ್ನು ಮಿತ್ರರು ಯುಗಾದಿ ಕೂಟಕ್ಕೆ ತರಲಿ. ತಂದರೆ ನಾನೂ ಚೆಕ್ ಬರೆಯುತ್ತೇನೆ. ಅಲ್ಲಿಯವರೆಗೆ, ದಯವಿಟ್ಟು, ಅವರೂ ಬರೆಯದಿರಲಿ.